ಚೇಳಿಗೆ ಮೂರು ಹೆಸರು

ಬೇಸಿಗೆಯ ಕೊನೆಯಲ್ಲಿ ಹೊಲದ ಬದುವಿನ ಕಲ್ಲು ಸರಿಸುವವರು, ಹುಲ್ಲಿನ ಬಣವೆಗೆ ಕೈಹಾಕುವವರು, ಸೆಕೆ ತಾಳದೆ ಅಂಗಳದಲ್ಲಿ ಮಲಗುವವರು ಚೇಳಿಗೆ ಹೆದರುವುದು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗೆ ಹೊಸದಲ್ಲ. ಕುಟುಕಿದ ಜಾಗಕ್ಕೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಅಂಟಿಸುವುದು, ಮಂತ್ರ ಹಾಕಿಸುವುದು ಇಂದಿಗೂ ನಡೆದಿದೆ. ಬಹುಪಾಲು ಕುಟುಕುಗಳ ಉರಿ ತಾನಾಗಿಯೇ ಇಳಿಯುವುದರಿಂದ, ಅದರ ಕೀರ್ತಿ ಬೀಜಕ್ಕೋ ಮಂತ್ರಕ್ಕೋ ಸಲ್ಲುತ್ತದೆ. ಆದರೆ ಈ ಲೇಖನದ ಜಗಳ ಮಂತ್ರ ಹಾಕುವವರ ಮೇಲಲ್ಲ. ಓದಿದವರಲ್ಲೇ ಬೇರೂರಿರುವ ಇನ್ನೊಂದು ಮೂಢನಂಬಿಕೆಯ ಮೇಲೆ. ವೈದ್ಯಕೀಯ ತಿಳಿವಳಿಕೆಯೆಲ್ಲ ಮೊಬೈಲಿನಲ್ಲಿ ಬಿದ್ದಿದೆ, ಬೇಕಾದಾಗ ಹೆಕ್ಕಿಕೊಂಡರಾಯಿತು ಎಂಬುದೇ ಆ ನಂಬಿಕೆ.

ಕೆಂಪು ಚೇಳಿನ ವಿಷವನ್ನೇ ತೆಗೆದುಕೊಳ್ಳೋಣ. ಅದು ನರಗಳಲ್ಲಿನ ಸೋಡಿಯಂ ದ್ವಾರಗಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ದೇಹವು ಅಡ್ರಿನಲಿನ್ ಬಗೆಯ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತದೆ. ರಕ್ತನಾಳಗಳು ಬಿಗಿದು, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಸುತ್ತಮುತ್ತ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಇಂಥ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕುಳಿತು ನೋಡಿದರು: ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು ಕಂಡವರ ಹೃದಯಕ್ಕೆ ಅಪಾಯ ಕಾದಿದೆ ಎಂಬುದನ್ನು 1982ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಇದಕ್ಕೆ ಉಪಯುಕ್ತ ಎಂಬ ಅವರ ಕಿರುಬರಹ 1986ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ದೊಡ್ಡ ಸಂಶೋಧನಾಲಯವಿಲ್ಲದ ಒಂದು ಸಣ್ಣ ಊರಿನಿಂದ ಹೊರಟ ಈ ಮಾತು ಲಿಂಗಸುಗೂರಿನ ವೈದ್ಯರನ್ನು ಮುಟ್ಟಿದ ದಾರಿಯೇ ನನಗೆ ಔಷಧಕ್ಕಿಂತ ಹೆಚ್ಚು ಬೆರಗಿನದಾಗಿ ತೋರುತ್ತದೆ.

ಏಕೆಂದರೆ ದಾರಿಯಲ್ಲಿ ಮೊದಲ ತೊಡಕು ಹೆಸರಿನದು. ಈ ಕೆಂಪು ಚೇಳನ್ನು ಹಳೆಯ ಲೇಖನಗಳು ಬ್ಯೂಥಸ್ ಟ್ಯಾಮ್ಯುಲಸ್ ಎನ್ನುತ್ತವೆ, ಅನಂತರದವು ಮೀಸೊಬ್ಯೂಥಸ್ ಟ್ಯಾಮ್ಯುಲಸ್ ಎನ್ನುತ್ತವೆ, ಈಗಿನವು ಹಾಟೆಂಟಾಟಾ ಟ್ಯಾಮ್ಯುಲಸ್ ಎನ್ನುತ್ತವೆ. ಚೇಳು ಬದಲಾಗಿಲ್ಲ, ವರ್ಗೀಕರಣ ಮಾಡುವವರ ಮನಸ್ಸು ಬದಲಾಗಿದೆ. ನಮ್ಮಲ್ಲೂ ಒಬ್ಬರಿಗೆ ಚೇಳು ಕಡಿಯುತ್ತದೆ, ಇನ್ನೊಬ್ಬರಿಗೆ ಕುಟುಕುತ್ತದೆ, ಮತ್ತೊಬ್ಬರಿಗೆ ಹೊಡೆಯುತ್ತದೆ. ಇಂದಿನ ಹೆಸರೊಂದನ್ನೇ ಹಿಡಿದು ಹುಡುಕುವ ವೈದ್ಯರಿಗೆ ಹಿಂದಿನ ಕಾಲದ ಅನುಭವವೇ ಕಾಣದೆ ಹೋಗಬಹುದು. ಬರೆದದ್ದು ಸಿಗದಿದ್ದರೆ ಬರೆಯದಿದ್ದುದಕ್ಕೂ ಅದಕ್ಕೂ ರೋಗಿಯ ಮಟ್ಟಿಗೆ ಏನು ವ್ಯತ್ಯಾಸ?

ಈ ತೊಡಕನ್ನು ಗಂಭೀರವಾಗಿ ಎದುರಿಸಿದವರಲ್ಲಿ ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ಪ್ರಮುಖರು. ಸೇನಾ ವೈದ್ಯಕೀಯ ಗ್ರಂಥಾಲಯದ ಹೊಣೆ ಹೊತ್ತಿದ್ದ ಅವರು, ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ವಿಷಯವಾರು ವಿಂಗಡಿಸಿ 1879ರಿಂದ ಇಂಡೆಕ್ಸ್ ಮೆಡಿಕಸ್ ಎಂಬ ಸೂಚಿಯನ್ನು ಹೊರತಂದರು. ಇದೇ ಬಿಲ್ಲಿಂಗ್ಸ್ ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಬಹುದೆಂದು ಹರ್ಮನ್ ಹಾಲರಿತ್‌ಗೆ ಸೂಚಿಸಿದರೆಂದೂ, ಅದರಿಂದಲೇ ತೂತು ಕೊರೆದ ಕಾರ್ಡುಗಳ ಎಣಿಕೆ ಯಂತ್ರ ಹುಟ್ಟಿತೆಂದೂ ಹೇಳುವುದುಂಟು. ಆ ಯಂತ್ರದ ಸಂತತಿಯಾದ ಕಂಪ್ಯೂಟರು 1964ರಲ್ಲಿ ಬಿಲ್ಲಿಂಗ್ಸ್ ಅವರ ಸೂಚಿಯನ್ನೇ ತಯಾರಿಸುವ ಕೆಲಸಕ್ಕೆ ಬಂದು ಸೇರಿತು. 1997ರಲ್ಲಿ ಇಂಥ ವಿವರಗಳನ್ನು ಅಂತರಜಾಲದಲ್ಲಿ ಹುಡುಕಿಕೊಡುವ ಪಬ್‌ಮೆಡ್ ಎಂಬ ತಾಣ ಎಲ್ಲರಿಗೂ ಉಚಿತವಾಯಿತು. 2004ಕ್ಕೆ ಮುದ್ರಿತ ಸೂಚಿ ನಿಂತಿತು. ಇಂದು ಪಬ್‌ಮೆಡ್‌ನಲ್ಲಿ 3 ಕೋಟಿ 70 ಲಕ್ಷಕ್ಕೂ ಹೆಚ್ಚು ಬರಹಗಳ ವಿವರಗಳಿವೆ. ಇಷ್ಟರಲ್ಲಿ ಬೇಕಾದ ಹತ್ತು ಲೇಖನ ಸಿಗುವುದಾದರೂ ಹೇಗೆ?

ಇದಕ್ಕೆ ಉತ್ತರ 1960ರಲ್ಲಿ ರೂಪುಗೊಂಡ ಮೆಶ್ ಎಂಬ ಪದವ್ಯವಸ್ಥೆ. ಲೇಖಕರು ಯಾವ ಹೆಸರನ್ನಾದರೂ ಬಳಸಿರಲಿ, ಲೇಖನಕ್ಕೆ ಸೂಚಿಕಾರರು ಗೊತ್ತುಪಡಿಸಿದ ಒಂದೇ ಶಿರೋನಾಮೆ ಅಂಟಿಸುತ್ತಾರೆ. ಚೇಳಿನ ಹೆಸರು ಮೂರಾದರೂ ಅದು ಕುಟುಕಿದ ಲೇಖನಗಳಿಗೆ ಶಿರೋನಾಮೆ ‘ಸ್ಕಾರ್ಪಿಯನ್ ಸ್ಟಿಂಗ್ಸ್’ ಒಂದೇ. ಕಿರಾಣಿ ಅಂಗಡಿಗೆ ಹೋಗಿ ಒಬ್ಬರು ಶೇಂಗಾ ಎಂದರೂ ಇನ್ನೊಬ್ಬರು ಕಡಲೆಕಾಯಿ ಎಂದರೂ ಸಾಹುಕಾರರು ಒಂದೇ ಚೀಲಕ್ಕೆ ಕೈಹಾಕುತ್ತಾರಲ್ಲ, ಹಾಗೆ. ಆದರೆ ಅಂಗಡಿಯ ಹೋಲಿಕೆ ಅರ್ಧವನ್ನಷ್ಟೇ ಹೇಳುತ್ತದೆ. ಮೆಶ್‌ನ 30,000ಕ್ಕೂ ಹೆಚ್ಚು ಶಿರೋನಾಮೆಗಳು ಸಾಲಾಗಿ ಕುಳಿತಿಲ್ಲ, ಕವಲೊಡೆದು ನಿಂತಿವೆ. ಅದಕ್ಕೆ ಮುನಿರಾಬಾದಿಗೇ ಹೋಗಬೇಕು. ತುಂಗಭದ್ರೆಯ ಎಡದಂಡೆ ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಮೇಲಿನ ಗೇಟು ಎತ್ತಿದರೆ ಕೆಳಗಿನ ಹೊಲಗಳಿಗೆಲ್ಲ ನೀರು. ಹೊಲದ ತೂಬು ತೆರೆದರೆ ಆ ಹೊಲಕ್ಕಷ್ಟೇ. ‘ವಿಷಪ್ರಾಶನ’ ಎಂಬ ಮೇಲಿನ ಶಿರೋನಾಮೆಯಲ್ಲಿ ಹುಡುಕಿದರೆ ಅದರಡಿಯ ‘ಕಡಿತ ಮತ್ತು ಕುಟುಕು’ ಬರುತ್ತದೆ, ಅದರಡಿಯ ಹಾವು, ಜೇಡ, ಚೇಳು ಎಲ್ಲವೂ ತಾವಾಗಿಯೇ ಬರುತ್ತವೆ. ಇನ್ನೂ ಸೊಗಸಾದ ಸಂಗತಿಯೆಂದರೆ, ‘ಕಡಿತ ಮತ್ತು ಕುಟುಕು’ ಎಂಬುದು ‘ಗಾಯಗಳು’ ಎಂಬ ಇನ್ನೊಂದು ಕವಲಿನಲ್ಲೂ ಇದೆ. ಒಂದೇ ಹೊಲಕ್ಕೆ ಎರಡು ಕಾಲುವೆಗಳ ನೀರು! ನಮ್ಮ ಕಾಲುವೆಯ ಕೊನೆ ಭಾಗದ ರೈತರು ಕೇಳಿದರೆ ಹೊಟ್ಟೆಕಿಚ್ಚು ಪಡುವಂಥ ಏರ್ಪಾಡಿದು.

ಕಾಲುವೆಗೆ ಇರುವ ದೋಷ ಇದಕ್ಕೂ ಇದೆ. ನಿನ್ನೆ ಪ್ರಕಟವಾದ ಲೇಖನಕ್ಕೆ ಶಿರೋನಾಮೆ ಇನ್ನೂ ಅಂಟಿರದೆ ಇರಬಹುದು. ಆದ್ದರಿಂದ ಶಿರೋನಾಮೆಯ ಜೊತೆಗೆ ಸಾದಾ ಪದಗಳಲ್ಲೂ ಹುಡುಕಬೇಕು. ಮನುಷ್ಯರು ಓದಿ ಅಂಟಿಸುತ್ತಿದ್ದ ಶಿರೋನಾಮೆಗಳನ್ನು 2022ರಿಂದ ಮುಖ್ಯವಾಗಿ ಯಂತ್ರವೇ ಅಂಟಿಸುತ್ತಿದೆ, ಆಯ್ದವನ್ನು ಮಾತ್ರ ಮನುಷ್ಯರು ಪರಿಶೀಲಿಸುತ್ತಾರೆ. ವೇಗ ಹೆಚ್ಚಿದೆ ನಿಜ. ನನಗೆ ಮಾತ್ರ ಪೂರ್ತಿ ಸಮಾಧಾನವಿಲ್ಲ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ ಚೇಳಿನ ಚಿಕಿತ್ಸೆ 1986ರಲ್ಲಿ ನಿಲ್ಲಲಿಲ್ಲ. ಡಾ. ಬಾವಸ್ಕರ್ ಮತ್ತು ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ 70 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬರೀ ಪ್ರಜೋಸಿನ್ ಪಡೆದ 35 ಜನರಲ್ಲಿ 10 ಗಂಟೆಗಳ ಹೊತ್ತಿಗೆ ಚೇತರಿಸಿಕೊಂಡವರು 8. ಪ್ರಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32. ತಾವೇ ಜಗತ್ತಿಗೆ ತಿಳಿಸಿಕೊಟ್ಟ ಚಿಕಿತ್ಸೆಯನ್ನು ಕಾಲು ಶತಮಾನದ ಬಳಿಕ ತಾವೇ ತಿದ್ದಿದರು. 1990ರಲ್ಲಿ ಅಚ್ಚಾದ ಪಠ್ಯಪುಸ್ತಕವನ್ನು ನೆಚ್ಚಿ ಕುಳಿತ ವೈದ್ಯರಿಗೆ ಇದು ಗೊತ್ತಾಗುವ ಬಗೆಯಿಲ್ಲ, ಆ ಪುಸ್ತಕಕ್ಕೆ ಎಷ್ಟು ಒಳ್ಳೆಯ ರಟ್ಟು ಹಾಕಿಸಿದರೂ.

ಅಚ್ಚಾದದ್ದೆಲ್ಲ ನಿಜವೆಂಬುದೂ ಸುಳ್ಳು. ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಕುರಿತು ಲ್ಯಾನ್ಸೆಟ್ 2020ರ ಮೇ 22ರಂದು ಪ್ರಕಟಿಸಿದ ಲೇಖನದ ಮೂಲ ಮಾಹಿತಿಯನ್ನು ಪರಿಶೀಲಿಸಲು ಸಿಗದೆ ಜೂನ್ 4ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಹಿಂತೆಗೆದ ಲೇಖನದ ಮೇಲೆ ಪಬ್‌ಮೆಡ್ ಎದ್ದು ಕಾಣುವ ಸೂಚನೆ ಹಾಕುತ್ತದೆ. ವಾಟ್ಸಾಪ್‌ನಲ್ಲಿ ಹರಿದಾಡುವ ಪ್ರತಿಯ ಮೇಲೆ ಅಂಥದ್ದೇನೂ ಇರುವುದಿಲ್ಲ.

ವಿವರ ಸಿಕ್ಕಮೇಲೂ ಪೂರ್ಣ ಲೇಖನ ಓದಲು ಹಣ ಬೇಕಾಗಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಗ್ರಂಥಾಲಯ ಜಾಲದ ಮೂಲಕ ತನ್ನ ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆಗಳನ್ನು ಒದಗಿಸಲಾರಂಭಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಇವೆರಡರಲ್ಲಿ ಯಾವುದೂ ಅಲ್ಲ. ಚೇಳು ಕುಟುಕಿದವರು ಮೊದಲು ಬರುವುದು ಮಾತ್ರ ಅಲ್ಲಿಗೇ.

ಈ ಭಾಗದ ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿಯೊಬ್ಬರು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಪಬ್‌ಮೆಡ್‌ನಲ್ಲಿ ಹಾವು, ಚೇಳು, ಕೀಟನಾಶಕಗಳ ಶಿರೋನಾಮೆಗಳಡಿ ಹುಡುಕಿ, ಉಚಿತವಾಗಿ ಓದಲು ಸಿಗುವ ಲೇಖನಗಳನ್ನಷ್ಟೇ ಆರಿಸಿ, ತಜ್ಞ ವೈದ್ಯರಿಗೆ ತೋರಿಸಿ, ಒಂದೇ ಹಾಳೆಯ ಟಿಪ್ಪಣಿ ಮಾಡಿ ಪರಿಚಯದ ತಾಲ್ಲೂಕು ವೈದ್ಯರಿಗೆ ಕಳುಹಿಸುತ್ತಾರೆ. ಹಾಳೆಯಲ್ಲಿ ಶೀರ್ಷಿಕೆಗಿಂತ ದೊಡ್ಡ ಅಕ್ಷರದಲ್ಲಿ ಇರುವುದು ದಿನಾಂಕ. ಏಕೆಂದು ಕೇಳಿದೆ. ಗೋಡೆಗೆ ಅಂಟಿಸಿದ ಹಾಳೆಯನ್ನು ಯಾರೂ ಕೀಳುವುದಿಲ್ಲ ಸರ್, ಹಳೆಯದಾಗಿದೆ ಎಂಬುದಾದರೂ ದೂರದಿಂದ ಕಾಣಲಿ, ಎಂದರು.