ಕೀಪರ್ ಒಂದಾ, ಎರಡಾ? ಜಗಳಕ್ಕೆ ಮೊದಲು ಕವರಿನ ಹಿಂಭಾಗ ಓದಿ

ಮೆಟಲ್ ಕೇಳುವ ನಾಲ್ಕು ಜನ ಒಂದು ಕಡೆ ಸೇರಿದರೆ ಜರ್ಮನ್ ಪವರ್ ಮೆಟಲ್ (ವೇಗವೂ ರಾಗವೂ ಜೋರಾಗಿರುವ ಮೆಟಲ್) ಮಾತು ಬಂದೇ ಬರುತ್ತದೆ. ಬಂದ ಮೇಲೆ ಜಗಳವೂ ಗ್ಯಾರಂಟಿ. ಹೆಲೋವೀನ್ ಬ್ಯಾಂಡ್ ದೊಡ್ಡದಾ, ಬ್ಲೈಂಡ್ ಗಾರ್ಡಿಯನ್ ಬ್ಯಾಂಡ್ ದೊಡ್ಡದಾ? ಗಿಟಾರಿಸ್ಟ್ ಕಾಯ್ ಹಾನ್ಸೆನ್ ಬಿಟ್ಟು ಹೋದ ಮೇಲೆ ಹೆಲೋವೀನ್‌ನಲ್ಲಿ ಉಳಿದಿದ್ದೇನು? ಅವರ 'ಕೀಪರ್ ಆಫ್ ದ ಸೆವೆನ್ ಕೀಸ್' ಆಲ್ಬಮ್ಮಿನ ಮೊದಲ ಭಾಗ ಮೇಲಾ, ಎರಡನೆಯದಾ?

ಮಿಕ್ಸಿಂಗ್, ಮಾಸ್ಟರಿಂಗ್, ಅಂದರೆ ರೆಕಾರ್ಡ್ ಆದ ದನಿಗಳನ್ನು ಹದವಾಗಿ ಬೆರೆಸಿ ಹಾಡಿಗೆ ಕೊನೆಯ ರೂಪ ಕೊಡುವುದು, ನನ್ನ ಹೊಟ್ಟೆಪಾಡು. ಬೆಂಗಳೂರಿನ ಮೆಟಲ್ ಹುಡುಗರು ಸ್ಟುಡಿಯೋಗೆ ಬರುವಾಗ ಫೋನಿನಲ್ಲಿ ಒಂದು ಹಾಡು ಹಾಕಿಕೊಂಡೇ ಬರುತ್ತಾರೆ. "ಸರ್, ನಮ್ದೂ ಹೀಗೇ ಕೇಳಿಸ್ಬೇಕು" ಅನ್ನುತ್ತಾರೆ. ಎಷ್ಟೋ ಸಲ ಅದು ಇದೇ ಜರ್ಮನ್ ಬ್ಯಾಂಡ್‌ಗಳ ಹಾಡು. ಹಾಗಾಗಿ ಈ ಆಲ್ಬಮ್‌ಗಳನ್ನು ಅಭಿಮಾನದಿಂದಲೂ ಕೇಳಿದ್ದೇನೆ, ಭಾಗ ಭಾಗವಾಗಿ ಬಿಚ್ಚಿಯೂ ಕೇಳಿದ್ದೇನೆ. ಬ್ಯಾಂಡಿನ ಹೆಸರಿಟ್ಟುಕೊಂಡು ಹೋಲಿಸಿದರೆ ಏನೂ ಹತ್ತುವುದಿಲ್ಲ ಅಂತ ಗೊತ್ತಾಗಿದ್ದು ಹಾಗೆ. ಹಾಡು ಬರೆದವರು ಯಾರು, ದನಿ ಬೆರೆಸುವ ಕನ್ಸೋಲ್ ಮುಂದೆ ಕೂತವರು ಯಾರು, ನೀವು ಕೇಳುತ್ತಿರುವುದು ಯಾವ ಕಾಲದ ಪ್ರತಿ. ಇಷ್ಟು ನೋಡಿಕೊಂಡರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ. ಉಳಿದರ್ಧ ಬಗೆಹರಿಯದಿದ್ದರೇ ಮಜಾ.

ಕೀಪರ್ ಜಗಳವನ್ನೇ ತಗೊಳ್ಳಿ. ಹೆಲೋವೀನ್ ಶುರುವಾಗಿದ್ದು 1984ರಲ್ಲಿ, ಹ್ಯಾಂಬರ್ಗ್‌ನಲ್ಲಿ. 1985ರ 'ವಾಲ್ಸ್ ಆಫ್ ಜೆರಿಕೋ'ದಲ್ಲಿ ಗಿಟಾರ್ ಹಿಡಿದು ಹಾಡಿದ್ದು ಹಾನ್ಸೆನ್ ಅವರೇ. ಎರಡೂ ಕೆಲಸ ಒಟ್ಟಿಗೆ ಕಷ್ಟವಾಯಿತು. ಹಾಡುವುದಕ್ಕೆ ಮೈಕೆಲ್ ಕಿಸ್ಕೆ ಬಂದರು. ಆಗ ಅವರಿಗೆ ಬರೀ 18 ವರ್ಷ. ಬ್ಯಾಂಡಿನವರಿಗೆ ಕೀಪರನ್ನು ಒಂದೇ ಡಬಲ್ ಆಲ್ಬಮ್ ಮಾಡುವ ಆಸೆ ಇತ್ತು. ಕಂಪನಿ ಒಪ್ಪಲಿಲ್ಲ. ಹಾಗಾಗಿ ಮೊದಲ ಭಾಗ 1987ರಲ್ಲಿ, ಎರಡನೆಯದು 1988ರಲ್ಲಿ ಬಂತು.

ಈಗ ಕವರಿನ ಹಿಂಭಾಗ ನೋಡಿ. ಮೊದಲ ಭಾಗದ ಹಾಡುಗಳಲ್ಲಿ ಹೆಚ್ಚಿನವು ಹಾನ್ಸೆನ್ ಬರೆದವು. 'ಫ್ಯೂಚರ್ ವರ್ಲ್ಡ್' ಅವರದ್ದು, ಹದಿಮೂರು ನಿಮಿಷ ದಾಟುವ 'ಹ್ಯಾಲೋವೀನ್' ಕೂಡ ಅವರದ್ದೇ. ಎರಡನೇ ಭಾಗದಲ್ಲಿ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಮೈಕೆಲ್ ವೈಕಾಟ್ ಕೈ ಮೇಲಾಗಿದೆ. 'ಈಗಲ್ ಫ್ಲೈ ಫ್ರೀ', 'ಡಾಕ್ಟರ್ ಸ್ಟೈನ್', 'ರೈಸ್ ಅಂಡ್ ಫಾಲ್', ಕೊನೆಗೆ ಅಷ್ಟೇ ಉದ್ದದ ಶೀರ್ಷಿಕೆ ಹಾಡು, ಎಲ್ಲ ಅವರದ್ದು. 'ಐ ವಾಂಟ್ ಔಟ್' ಮತ್ತು 'ಮಾರ್ಚ್ ಆಫ್ ಟೈಮ್' ಹಾನ್ಸೆನ್ ಪಾಲಿನವು. 'ನನಗೆ ಹೊರಗೆ ಹೋಗಬೇಕು' ಅಂತ ಹಾಡು ಬರೆದ ಮನುಷ್ಯ ಸ್ವಲ್ಪ ದಿನದಲ್ಲೇ ಬ್ಯಾಂಡ್ ಬಿಟ್ಟೂ ಹೋದರು. ಬ್ಯಾಂಡಿನವರು ಕಿವಿಗೊಟ್ಟು ಕೇಳಿದ್ದರೆ ಗೊತ್ತಾಗುತ್ತಿತ್ತೇನೋ!

ಎರಡು ಉದ್ದನೆಯ ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. 'ಹ್ಯಾಲೋವೀನ್'ನಲ್ಲಿ ಹಾನ್ಸೆನ್ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಗಿಟಾರ್ ತುಣುಕು) ಮೇಲೆ ರಿಫ್ ಪೇರಿಸುತ್ತಾ ಹೋಗುತ್ತಾರೆ. ಒಂದು ಮುಗಿಯುವ ಮೊದಲೇ ಇನ್ನೊಂದು ಬಾಗಿಲು ತಟ್ಟುತ್ತದೆ. ವೈಕಾಟ್ ಹಾಡಿನಲ್ಲಿ ರಾಗಕ್ಕೆ ಮೊದಲ ಮರ್ಯಾದೆ. ಸುತ್ತಿ ಬಳಸಿ ಎಲ್ಲೆಲ್ಲೋ ಹೋದರೂ ಎಲ್ಲರೂ ಕೂಗಿ ಹಾಡಬಹುದಾದ ಸಾಲಿಗೆ ವಾಪಸ್ ಬರುತ್ತಾರೆ. ತಮಾಷೆಯೂ ಜಾಸ್ತಿ. ಅಂದರೆ ಒಂದಾ ಎರಡಾ ಅಂತ ಕಿತ್ತಾಡುವವರು ನಿಜಕ್ಕೂ ಹಾನ್ಸೆನ್ನಾ ವೈಕಾಟ್ಟಾ ಅಂತ ಕಿತ್ತಾಡುತ್ತಿದ್ದಾರೆ. ನನ್ನ ಓಟು ಮೊದಲ ಭಾಗಕ್ಕೆ. ಆದರೆ ಒಂದೇ ಹಾಡು ಆರಿಸು ಅಂದರೆ 'ಈಗಲ್ ಫ್ಲೈ ಫ್ರೀ' ಬಿಡುವುದಿಲ್ಲ. ಮಧ್ಯದಲ್ಲಿ ಗಿಟಾರ್, ಬೇಸ್, ಡ್ರಮ್ಸ್ ಎಲ್ಲಕ್ಕೂ ಒಂದೊಂದು ಪುಟ್ಟ ಅವಕಾಶ ಸಿಗುತ್ತದಲ್ಲ, ಆ ಭಾಗ ಡ್ರಮ್ಮರ್ ಇಂಗೊ ಶ್ವಿಖ್ಟೆನ್‌ಬರ್ಗ್ ಏನು ಅಂತ ತೋರಿಸುತ್ತದೆ.

"ಕೀಪರ್‌ನಲ್ಲಿ ಬೇಸೇ ಇಲ್ಲ, ಸೌಂಡ್ ತೆಳು" ಅನ್ನುವವರು ತುಂಬ ಜನ. ನಿಜ, ತೆಳುವೇ. ಆದರೆ ಅದಕ್ಕೊಂದು ಕಾರಣ ಇದೆ. ಈ ಸಂಗೀತದ ಬೆನ್ನೆಲುಬು ಡಬಲ್ ಬೇಸ್ ಡ್ರಮ್. ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್ಮಿಗೆ, ಅಂದರೆ ಕಿಕ್‌ಗೆ, ಎರಡೂ ಕಾಲಿನಲ್ಲಿ ಬಿಡುವಿಲ್ಲದೆ ಹೊಡೆಯುವುದು. ಇದರ ಜಾಡು ಹಿಡಿದು ಹೋದರೆ ಜೋಲಿಂಗೆನ್ ಊರಿನ ಆಕ್ಸೆಪ್ಟ್ ಬ್ಯಾಂಡ್ ಸಿಗುತ್ತದೆ, 1982ರ 'ಫಾಸ್ಟ್ ಆಸ್ ಎ ಶಾರ್ಕ್' ಹಾಡು. ಮೊದಲು ಹಳೇ ರೆಕಾರ್ಡಿನಲ್ಲಿ ಒಂದು ಜರ್ಮನ್ ಜನಪದ ಹಾಡು ಕೇಳುತ್ತದೆ. ಸೂಜಿ ಕರ್ರ್ ಅಂತ ಗೀರುತ್ತದೆ. ಆಮೇಲೆ ಎರಡು ಕಾಲೂ ಓಡತೊಡಗುತ್ತವೆ.

ಈಗ ಸ್ವಲ್ಪ ಲೆಕ್ಕ. ಹಾಡಿನ ವೇಗ ನಿಮಿಷಕ್ಕೆ 180 ಬೀಟ್ ಅಂತಿಟ್ಟುಕೊಳ್ಳಿ. ಒಂದು ಬೀಟಿಗೆ ನಾಲ್ಕು ಕಿಕ್ ಅಂದರೆ ಸೆಕೆಂಡಿಗೆ 12 ಏಟು. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಸಿಗುವುದು ಸುಮಾರು 83 ಮಿಲಿಸೆಕೆಂಡ್. ನಿಧಾನದ ರಾಕ್ ಹಾಡಿನಲ್ಲಿ ಕಿಕ್ಕಿನ ಗುಂ ಅನ್ನುವ ದನಿ 250 ಮಿಲಿಸೆಕೆಂಡ್ ಉಳಿದರೂ ಚೆಂದ. ಅದನ್ನೇ ಇಲ್ಲಿಟ್ಟರೆ ಮೊದಲ ಏಟು ಆರುವ ಹೊತ್ತಿಗೆ ನಾಲ್ಕನೆಯದು ಬಂದು ಬಡಿಯುತ್ತದೆ. ಎಲ್ಲ ಸೇರಿ ಗೊಜ್ಜಾಗುತ್ತದೆ. ಹಾಗಾಗಿ ಎಂಜಿನಿಯರ್ ಕಿಕ್ಕಿನ ಬಾಲ ಕತ್ತರಿಸುತ್ತಾನೆ, 60ರಿಂದ 100 ಹರ್ಟ್ಜ್ ಸುತ್ತಲಿನ ತಗ್ಗು ದನಿಯ ತೂಕ ಇಳಿಸುತ್ತಾನೆ, 3-4 ಸಾವಿರ ಹರ್ಟ್ಜ್ ಹತ್ತಿರ ಸಿಗುವ ಟಕ್ ಅನ್ನುವ ಸದ್ದನ್ನು ಏರಿಸುತ್ತಾನೆ. ಏಟು ಬಿಡಿಬಿಡಿಯಾಗಿ ಕೇಳುತ್ತದೆ. ಕೆಳಗಿನ ಭಾರ ಹೋಗುತ್ತದೆ. ವೇಗವೂ ಬೇಕು, ಎದೆಗೆ ಗುದ್ದುವ ಕಿಕ್ಕೂ ಬೇಕು ಅಂದರೆ 1987ರ ಟೇಪಿನಲ್ಲಿ ಆಗುವ ಮಾತಲ್ಲ. ಇವತ್ತು ಕಂಪ್ಯೂಟರಿನಲ್ಲಿ ಪ್ರತಿ ಏಟಿನ ಕೆಳಗೆ ಬೇರೆ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಏಟಿನ ಸದ್ದು) ಇಟ್ಟು ತಕ್ಕಮಟ್ಟಿಗೆ ಮಾಡಬಹುದು. ಆದರೆ ಆಗ ಡ್ರಮ್ಮರ್‌ನ ಕಾಲು ಕೇಳುವುದಿಲ್ಲ, ಸ್ಯಾಂಪಲ್ ಕೇಳುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಹುಡುಗರು ನಂಬುವುದಿಲ್ಲ. ಅವರದೇ ಹಾಡಿನ ಕಿಕ್ ಟ್ರ್ಯಾಕ್ ಒಂದನ್ನೇ ಹಾಕಿ, ಕೆಳಗಿನ ದನಿ ಏರಿಸಿ ಕೇಳಿಸುತ್ತೇನೆ. "ಸೂಪರ್ ಸರ್!" ಆಮೇಲೆ ಬೇಸ್ ಗಿಟಾರ್ ಬಿಡುತ್ತೇನೆ, ಎರಡು ರಿದಂ ಗಿಟಾರ್ ಬಿಡುತ್ತೇನೆ. ಸೂಪರ್ ಎಲ್ಲೋ ಮುಳುಗಿಹೋಗುತ್ತದೆ. "ಸರ್, ಮೊದಲು ಇದ್ದ ಹಾಗೇ ಇರ್ಲಿ" ಅನ್ನುತ್ತಾರೆ.

ಬ್ಲೈಂಡ್ ಗಾರ್ಡಿಯನ್ ವಿಷಯದಲ್ಲಿ ಕಿವಿ ಇಡಬೇಕಾದ ಜಾಗ ಬೇರೆ. ಕ್ರೇಫೆಲ್ಡ್ ಊರಿನ ಈ ಬ್ಯಾಂಡಿನ ಗುಟ್ಟು ಕೋರಸ್‌ನಲ್ಲಿದೆ. ಗಾಯಕ ಹಾನ್ಸಿ ಕುರ್ಷ್ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ ಪದರ ಕಟ್ಟುತ್ತಾರೆ, ಜೊತೆಗೆ ಬೇರೆ ಗಾಯಕರ ಗುಂಪೂ ಸೇರುತ್ತದೆ. ಯಾವ ಮನುಷ್ಯನೂ ಒಂದು ಸಾಲನ್ನು ಎರಡು ಸಲ ಕರಾರುವಾಕ್ಕಾಗಿ ಒಂದೇ ಥರ ಹಾಡಲಾರ. ಕೂದಲೆಳೆ ತಡ, ಕೂದಲೆಳೆ ಶ್ರುತಿ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವೇ ನಮ್ಮ ಕಿವಿಗೆ ಜನಸಂದಣಿಯಾಗಿ ಕೇಳುವುದು. ಒಂದು ಸಲ ಹಾಡಿದ್ದನ್ನೇ ಕಾಪಿ ಮಾಡಿ ಹತ್ತು ಟ್ರ್ಯಾಕಿನಲ್ಲಿಟ್ಟರೆ ಜೋರಾಗುತ್ತದೆ, ಗುಂಪಾಗುವುದಿಲ್ಲ. ಎಷ್ಟೋ ಬ್ಯಾಂಡ್‌ಗಳು ಇಲ್ಲೇ ಎಡವುತ್ತವೆ.

ಅವರ ಮೊದಲ ನಾಲ್ಕು ಆಲ್ಬಮ್‌ಗಳಿಗೆ ಕಾಲೆ ಟ್ರಾಪ್ ನಿರ್ಮಾಪಕರು. 1992ರ 'ಸಮ್‌ವೇರ್ ಫಾರ್ ಬಿಯಾಂಡ್' ಆ ಕಾಲದ ಶಿಖರ. ಐದನೆಯದಕ್ಕೆ ಬ್ಯಾಂಡ್ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಹೋಯಿತು, ಫ್ಲೆಮಿಂಗ್ ರಾಸ್ಮುಸನ್ ಬಳಿ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ರೆಕಾರ್ಡ್ ಮಾಡಿದ ಮನುಷ್ಯ ಅವರು. ಅಲ್ಲಿ ಹುಟ್ಟಿದ್ದು 1995ರ 'ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್'. ರಿದಂ ಗಿಟಾರ್ ಹೇಗೆ ಬಿಗಿಯಾಗಿದೆ ಕೇಳಿ. ಪದರ ಎಷ್ಟಿದ್ದರೂ ಗಿಟಾರಿನ ಅಂಚು ಮಾಸುವುದಿಲ್ಲ. 1998ರ 'ನೈಟ್‌ಫಾಲ್ ಇನ್ ಮಿಡಲ್ ಅರ್ತ್' ಟೋಲ್ಕಿನ್ ಅವರ 'ಸಿಲ್ಮರಿಲಿಯನ್' ಕಥೆಯ ಮೇಲೆ ನಿಂತ ಆಲ್ಬಮ್, ಅಭಿಮಾನಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೇಲಿರುತ್ತದೆ. 2002ರ 'ಎ ನೈಟ್ ಅಟ್ ದಿ ಒಪೆರಾ' ಹೊತ್ತಿಗೆ ಪದರ ಎಷ್ಟಾಯಿತು ಅಂದರೆ ನನ್ನಂಥವನಿಗೂ ಉಸಿರು ಕಟ್ಟುತ್ತದೆ. ಮಿಕ್ಸಿಂಗ್ ಪಾಠಕ್ಕೆ ಬಂಗಾರ, ಸುಮ್ನೆ ಕೂತು ಕೇಳುವುದಕ್ಕೆ ಭಾರ. ನನಗೆ 'ಇಮ್ಯಾಜಿನೇಷನ್ಸ್' ಸಾಕು.

ಅಂದಹಾಗೆ ಕೀಪರ್ ಎರಡೂ ಭಾಗಕ್ಕೆ ಟಾಮಿ ನ್ಯೂಟನ್ ಜೊತೆ ನಿರ್ಮಾಪಕರಾಗಿ ಕೂತ ಟಾಮಿ ಹಾನ್ಸೆನ್ ಕೂಡ ಡೆನ್ಮಾರ್ಕಿನವರೇ. ಹೆಸರು ಒಂದೇ ಆದರೂ ಕಾಯ್ ಹಾನ್ಸೆನ್‌ಗೆ ನೆಂಟರಲ್ಲ. ಜರ್ಮನ್ ಮೆಟಲ್ ಅಂತ ನಾವು ಎದೆ ತಟ್ಟಿಕೊಳ್ಳುವ ಆಲ್ಬಮ್‌ಗಳ ಹಿಂದೆ ಇಬ್ಬರು ಡೇನರ ಕಿವಿ ಇದೆ.

1995 ಹೋಲಿಕೆಗೆ ಹೇಳಿ ಮಾಡಿಸಿದ ವರ್ಷ. ಅದೇ ವರ್ಷ, ಕಾಯ್ ಹಾನ್ಸೆನ್ ಹೆಲೋವೀನ್ ಬಿಟ್ಟ ಮೇಲೆ ಕಟ್ಟಿದ ಬ್ಯಾಂಡ್ ಗಾಮಾ ರೇ 'ಲ್ಯಾಂಡ್ ಆಫ್ ದ ಫ್ರೀ' ತಂದಿತು. ಅದಕ್ಕೂ ಮೊದಲು ಈ ಬ್ಯಾಂಡಿಗೆ ಹಾಡುತ್ತಿದ್ದವರು ರಾಲ್ಫ್ ಶೀಪರ್ಸ್, ಆಮೇಲೆ ಪ್ರೈಮಲ್ ಫಿಯರ್ ಬ್ಯಾಂಡಿಗೆ ಹಾಡಿದವರು. ಅವರು ಹೋದ ಮೇಲೆ ಹಾನ್ಸೆನ್ ಮತ್ತೆ ಮೈಕ್ ಹಿಡಿದರು. ಆ ಆಲ್ಬಮ್ಮಿನಲ್ಲಿ 'ಟೈಮ್ ಟು ಬ್ರೇಕ್ ಫ್ರೀ' ಹಾಡಿದ್ದು ಕಿಸ್ಕೆ. ಕುರ್ಷ್ ದನಿಯೂ ಅಲ್ಲಿದೆ. ಮೂರು ಬ್ಯಾಂಡಿನ ಮೂರು ಗಂಟಲು ಒಂದೇ ತಟ್ಟೆಯಲ್ಲಿ! 'ಆಫ್ಟರ್‌ಲೈಫ್' ಹಾಡು ಆ ವರ್ಷವೇ ತೀರಿಕೊಂಡ ಶ್ವಿಖ್ಟೆನ್‌ಬರ್ಗ್ ನೆನಪಿನದು. ಕೋಪನ್‌ಹೇಗನ್ನಿನ ಬಿಗಿ ಇಲ್ಲಿಲ್ಲ. ಗಿಟಾರಿಗೆ ಸ್ವಲ್ಪ ಒರಟು, ಸ್ವಲ್ಪ ಬಿಸಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಬ್ಯಾಂಡುಗಳ ವ್ಯತ್ಯಾಸಕ್ಕಿಂತ ರೆಕಾರ್ಡಿಂಗ್ ರೂಮುಗಳ ವ್ಯತ್ಯಾಸ ಮೊದಲು ಕಿವಿಗೆ ಬೀಳುತ್ತದೆ.

ಶೀಪರ್ಸ್ ಮೇಲಾ, ಹಾನ್ಸೆನ್ ಮೇಲಾ ಅಂತ ವಾದ ಮಾಡುವವರಿಗೆ ಗಾಮಾ ರೇ ತಾನೇ ಪರೀಕ್ಷೆ ಸಿದ್ಧಮಾಡಿಟ್ಟಿದೆ. 2000ದ 'ಬ್ಲಾಸ್ಟ್ ಫ್ರಮ್ ದ ಪಾಸ್ಟ್'ನಲ್ಲಿ ಶೀಪರ್ಸ್ ಕಾಲದ ಹಾಡುಗಳನ್ನು ಹಾನ್ಸೆನ್ ಹೊಸದಾಗಿ ಹಾಡಿದ್ದಾರೆ. 'ಲಸ್ಟ್ ಫಾರ್ ಲೈಫ್' ಎರಡೂ ರೂಪದಲ್ಲಿ ಕೇಳಿ. ಗಂಟಲಿನ ತಾಕತ್ತಿನಲ್ಲಿ ಶೀಪರ್ಸ್ ಗೆಲ್ಲುತ್ತಾರೆ, ಅನುಮಾನವೇ ಬೇಡ. ಆದರೆ ಸಾಲು ಬರೆದವನೇ ಹಾಡಿದಾಗ ಒತ್ತು ಬೀಳುವ ಜಾಗ ಬದಲಾಗುತ್ತದೆ. ನನಗೆ ಅದು ಇಷ್ಟ. ನನ್ನ ಅಸಿಸ್ಟೆಂಟ್‌ಗೆ ಸುತರಾಂ ಇಷ್ಟವಿಲ್ಲ.

ಹೀಗೆ ಕೇಳುವಾಗ ಒಂದು ಎಚ್ಚರ ಬೇಕು, ಇದು ಕಸುಬಿನ ಮಾತು. ಎರಡು ಹಾಡುಗಳಲ್ಲಿ ಒಂದು ಬರೀ ಒಂದೆರಡು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಜೋರಿದೆ ಅಂತ ಹೇಳುವುದಿಲ್ಲ, ಬೇಸ್ ಜಾಸ್ತಿ ಇದೆ, ಸ್ಪಷ್ಟವಾಗಿದೆ ಅನ್ನುತ್ತದೆ. ಎಂಬತ್ತರ ದಶಕದ ಸೀಡಿಗಳು ಮೆತ್ತಗಿವೆ. ಆಮೇಲೆ ಬಂದ ರೀಮಾಸ್ಟರ್‌ಗಳಲ್ಲಿ (ಹಳೇ ರೆಕಾರ್ಡಿಂಗಿಗೇ ಹೊಸದಾಗಿ ಮಾಸ್ಟರಿಂಗ್ ಮಾಡಿದ ಪ್ರತಿಗಳು) ಎಷ್ಟೋ ಜೋರಾಗಿವೆ, ಚುರುಕು ಸದ್ದಿನ ಸ್ನೇರ್ ಡ್ರಮ್ ಏಟಿನ ತಲೆ ಸವರಿ ಹೋಗಿದೆ. ಆ್ಯಪ್‌ನಲ್ಲಿ ಕೇಳುವವರು ಸೆಟ್ಟಿಂಗ್ಸ್‌ಗೆ ಹೋಗಿ ವಾಲ್ಯೂಮ್ ನಾರ್ಮಲೈಸ್ ಆನ್ ಮಾಡಿಕೊಳ್ಳಿ, ಹಾಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಜೋರಿಗೆ ಬರುತ್ತವೆ. ಸೀಡಿ ಆದರೆ ಕೈಯಾರೆ ಸರಿಹೊಂದಿಸಿ, ಹಾಡುವ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ಹಾಗೆ. 'ಹೊಸ ಪ್ರತಿನೇ ಬೆಸ್ಟ್' ಅನ್ನುತ್ತಿದ್ದ ಎಷ್ಟೋ ಜನ ಇಲ್ಲಿ ಪಕ್ಷ ಬದಲಾಯಿಸಿದ್ದನ್ನು ನೋಡಿದ್ದೇನೆ.

ಉಳಿದ ಜರ್ಮನ್ ಬ್ಯಾಂಡ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರನ್ನಿಂಗ್ ವೈಲ್ಡ್ 1987ರ 'ಅಂಡರ್ ಜಾಲಿ ರೋಜರ್'ನಿಂದ ಕಡಲ್ಗಳ್ಳರ ಕಥೆ ಹಿಡಿಯಿತು. ಅವರ ಆಲ್ಬಮ್‌ಗಳಲ್ಲಿ ನನ್ನ ಆಯ್ಕೆ 'ಡೆತ್ ಆರ್ ಗ್ಲೋರಿ'. ಗ್ರೇವ್ ಡಿಗರ್‌ಗೆ 'ಟ್ಯೂನ್ಸ್ ಆಫ್ ವಾರ್', ಸ್ಕಾಟ್ಲೆಂಡ್ ಇತಿಹಾಸ, ಬ್ಯಾಗ್‌ಪೈಪ್ ಸಮೇತ. ರೇಜ್ 1996ರಲ್ಲೇ ಪ್ರಾಗ್‌ನ ಆರ್ಕೆಸ್ಟ್ರಾ ಜೊತೆ 'ಲಿಂಗುವಾ ಮಾರ್ಟಿಸ್' ಮಾಡಿತು, ಸಿಗಬೇಕಾದ ಹೆಸರು ಸಿಗಲಿಲ್ಲ. ಫುಲ್ಡಾದ ಎಡ್‌ಗೈ ಹುಡುಗರ 'ವೇನ್ ಗ್ಲೋರಿ ಒಪೆರಾ'ದಲ್ಲಿ ಮತ್ತೆ ಕುರ್ಷ್ ದನಿ. ಅದೇ ಬ್ಯಾಂಡಿನ ಟೋಬಿಯಾಸ್ ಸಾಮೆಟ್ 2001ರಲ್ಲಿ ಹಲವು ಗಾಯಕರನ್ನು ಸೇರಿಸಿ ಅವಂಟಾಸಿಯಾ ಅನ್ನುವ ಮೆಟಲ್ ಒಪೆರಾ ಮಾಡಿದಾಗ ಕಿಸ್ಕೆ 'ಅರ್ನಿ' ಅನ್ನುವ ಬೇರೆ ಹೆಸರಿನಲ್ಲಿ ಹಾಡಿದರು. ಆ ದನಿಗೆ ಯಾವ ಹೆಸರಿಟ್ಟರೆ ತಾನೇ ಗುರುತು ಸಿಗುವುದಿಲ್ಲ!

ಎರಡು ಸಾವಿರದ ನಂತರದ ಆಲ್ಬಮ್ ಹೋಲಿಸುವವರು ನಿರ್ಮಾಪಕ ಚಾರ್ಲಿ ಬಾವರ್‌ಫೈಂಡ್ ಹೆಸರು ಬರೆದಿಟ್ಟುಕೊಳ್ಳಿ. ಬ್ಲೈಂಡ್ ಗಾರ್ಡಿಯನ್‌ನ 'ಎ ನೈಟ್ ಅಟ್ ದಿ ಒಪೆರಾ' ಅವರ ನಿರ್ಮಾಣ, 2003ರಿಂದಾಚೆಗೆ ಹೆಲೋವೀನ್ ಕೂಡ ಅವರ ಬಳಿಗೇ ಹೋಯಿತು. 'ಈ ಎರಡೂ ಬ್ಯಾಂಡ್ ಒಂದೇ ಥರ ಕೇಳಿಸ್ತವೆ' ಅಂತ ಗೊಣಗುವವರ ಕಿವಿ ಸುಳ್ಳು ಹೇಳುತ್ತಿಲ್ಲ.

ಹಾನ್ಸೆನ್, ಕಿಸ್ಕೆ ಇಬ್ಬರೂ ಹೆಲೋವೀನ್‌ಗೆ ವಾಪಸ್ ಬಂದ ಮೇಲೆ 2021ರಲ್ಲಿ ಬ್ಯಾಂಡಿನ ಹೆಸರಿನದೇ ಆಲ್ಬಮ್ ಬಂತು. ಅದಕ್ಕೆ ಡ್ರಮ್ಮರ್ ಡಾನಿ ಲೋಬ್ಲೆ ನುಡಿಸಿದ್ದು ಶ್ವಿಖ್ಟೆನ್‌ಬರ್ಗ್ ಅವರ ಹಳೇ ಡ್ರಮ್ ಸೆಟ್. ಕಂಪ್ಯೂಟರಿಗಿಂತ ಹಿಂದಿನ ಕಾಲದ ಅನಲಾಗ್ ರೆಕಾರ್ಡಿಂಗ್, ತೊಂಬತ್ತರ ದಶಕದ ತಮ್ಮದೇ ಆಲ್ಬಮ್‌ಗಳಿಗೆ ಬಳಸಿದ್ದ ಅದೇ ಕನ್ಸೋಲ್. ಕೊನೆಯ ಹಾಡು 'ಸ್ಕೈಫಾಲ್' ಹಾನ್ಸೆನ್ ಬರೆದಿದ್ದು, ಹನ್ನೆರಡು ನಿಮಿಷದ್ದು. ಕಿಕ್ ಮಾತ್ರ 1987ಕ್ಕಿಂತ ಎಷ್ಟೋ ದಪ್ಪ. ಚರ್ಮ, ಮರ ಹಳೆಯದಾದರೂ ಮಿಕ್ಸ್ ಇವತ್ತಿನದು. ವಾಲ್ಯೂಮ್ ಸರಿಹೊಂದಿಸಿಕೊಂಡು 'ಹ್ಯಾಲೋವೀನ್' ಮೊದಲು ಕೇಳಿ, ಆಮೇಲೆ 'ಸ್ಕೈಫಾಲ್'. ರಿಫ್ ಮೇಲೆ ರಿಫ್ ಪೇರಿಸುವ ಚಾಳಿ ಮೂವತ್ತನಾಲ್ಕು ವರ್ಷವಾದರೂ ಹಾನ್ಸೆನ್ ಬಿಟ್ಟಿಲ್ಲ.