ಸ್ಮಾರ್ಟ್ ಬಿನ್ ಅಂದ್ರೆ ಏನು?

ಕಸದ ಡಬ್ಬಿಗೆ ಸೆನ್ಸರ್, ಚಿಪ್ ಅಥವಾ ಕ್ಯಾಮೆರಾ ಕೂಡಿಸಿ, ಎಷ್ಟು ಕಸ ಬಿತ್ತು, ಯಾವ ಥರದ್ದು ಬಿತ್ತು ಅನ್ನೋದನ್ನ ಡಬ್ಬಿನೇ ನೋಡ್ಕೊಳ್ಳೋ ಹಾಗೆ ಮಾಡಿದ್ರೆ ಅದು ಸ್ಮಾರ್ಟ್ ಬಿನ್. ಕೈ ಹಿಡಿದ್ರೆ ಮುಚ್ಚಳ ತೆಗೆಯೋ ಡಬ್ಬಿನೂ ಇದೇ ಹೆಸರಲ್ಲಿ ಮಾರ್ತಾರೆ, ಅದು ಮುಚ್ಚಳಕ್ಕೊಂದು ಮೋಟರ್ ಅಷ್ಟೇ, ಬಿಡಿ.

ಇದಕ್ಕಿರೋದು ಎರಡು ಕೆಲಸ, ಲೆಕ್ಕ ಇಡೋದು ಮತ್ತೆ ಕಸ ಬೇರೆ ಬೇರೆ ಮಾಡೋದು. ಲೆಕ್ಕ ಸುಲಭ. ಮುಚ್ಚಳದ ಒಳಗಡೆ ಅಲ್ಟ್ರಾಸಾನಿಕ್ ಸೆನ್ಸರ್ ಇರತ್ತೆ, ಅದು ಬಿಟ್ಟ ಶಬ್ದ ಕಸಕ್ಕೆ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಡಬ್ಬಿ ಎಷ್ಟು ತುಂಬಿದೆ ಅಂತ ಹೇಳತ್ತೆ (ಕಸ ಒಂದೇ ಮೂಲೇಲಿ ಗುಡ್ಡೆ ಬಿದ್ದಿದ್ರೆ ಏಮಾರತ್ತೆ). ತೂಕಕ್ಕೆ ಲೋಡ್ ಸೆಲ್. ಯಾರ ಮನೆ ಡಬ್ಬಿ ಅಂತ ಗೊತ್ತಾಗೋಕೆ ಆರ್‌ಎಫ್‌ಐಡಿ ಟ್ಯಾಗ್, ಇಂಥ ಟ್ಯಾಗಿಗೆ ಸಾಮಾನ್ಯವಾಗಿ ಬ್ಯಾಟರಿನೇ ಇರಲ್ಲ, ಕಸದ ಗಾಡೀಲಿರೋ ರೀಡರ್ ಕಳಿಸೋ ರೇಡಿಯೋ ಅಲೆಯಿಂದಲೇ ಬೇಕಾದಷ್ಟು ಶಕ್ತಿ ತಗೊಂಡು ತನ್ನ ನಂಬರ್ ಹೇಳಿಬಿಡತ್ತೆ. ದಕ್ಷಿಣ ಕೊರಿಯಾದ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕಾರ್ಡ್ ತೋರಿಸಿದ್ರೇನೇ ಮುಚ್ಚಳ ತೆಗೆಯೋದು, ಉಳಿದ ಊಟ ಸುರಿದ ತಕ್ಷಣ ತೂಕ ಆಗಿ ಆ ಮನೆ ಲೆಕ್ಕಕ್ಕೆ ದುಡ್ಡು ಸೇರತ್ತೆ. ನನ್ನ ಕೇಳಿದ್ರೆ ಸ್ಮಾರ್ಟ್ ಅನ್ನಿಸಿಕೊಳ್ಳೋ ಯೋಗ್ಯತೆ ಇರೋದು ಇದಕ್ಕೇ, ಎಷ್ಟು ಎಸೀತಿದೀವಿ ಅನ್ನೋದು ದುಡ್ಡು ಕಟ್ಟೋವಾಗ ಕಣ್ಣಿಗೆ ಹೊಡೆಯತ್ತೆ.

ಬೇರೆ ಮಾಡೋ ಕೆಲಸದಲ್ಲೇ ತೊಡಕು. ಲೋಹನಾ ಅಂತ ನೋಡೋಕೆ ಇಂಡಕ್ಟಿವ್ ಸೆನ್ಸರ್, ಹಸಿನಾ ಒಣಗಿದ್ದಾ ಅಂತ ನೋಡೋಕೆ ತೇವದ ಸೆನ್ಸರ್, ಮಿಕ್ಕಿದ್ದಕ್ಕೆಲ್ಲ ಕ್ಯಾಮೆರಾ ಮತ್ತೆ ಎಐ. ಈ ಎಐಗೆ ಮೊದಲು ಫೋಟೋ ತೋರಿಸಿ ಕಲಿಸಬೇಕು. ಟ್ರ್ಯಾಶ್‌ನೆಟ್ ಅಂತ 2016ರ ಒಂದು ಫೋಟೋ ಸಂಗ್ರಹ ಇದೆ, ಗಾಜು, ಪೇಪರ್, ರಟ್ಟು, ಪ್ಲಾಸ್ಟಿಕ್, ಲೋಹ, ಇತರೆ ಅಂತ ಆರು ಗುಂಪು, ಸುಮಾರು 2500 ಫೋಟೋ, ಈ ಥರ ಪ್ರಾಜೆಕ್ಟ್ ಮಾಡೋರು ತುಂಬಾ ಜನ ಇದನ್ನೇ ಬಳಸ್ತಾರೆ. ಆದ್ರೆ ಅದರಲ್ಲಿ ಬಿಳಿ ಹಿನ್ನೆಲೆ ಮೇಲೆ ಒಂದೊಂದೇ ವಸ್ತು ಇಟ್ಟು ತೆಗೆದಿರೋದು, ನಮ್ಮ ಮನೆ ಕಸ ಹಾಗೆ ಪೋಸ್ ಕೊಡತ್ತಾ? ಮುದುಡಿರತ್ತೆ, ಒಂದಕ್ಕೊಂದು ಅಂಟಿರತ್ತೆ, ಅರ್ಧ ಸಾರು ಉಳಿದಿರೋ ಪ್ಲಾಸ್ಟಿಕ್ ಡಬ್ಬ ಹಸಿ ಕಸನೋ ಒಣ ಕಸನೋ ಅಂತ ಮನುಷ್ಯರಿಗೇ ಗೊಂದಲ. ಅದನ್ನ ತೊಳೆದು ಹಾಕೋ ಕೆಲಸ ಯಾವ ಸೆನ್ಸರೂ ಮಾಡಲ್ಲ, ಒಂದು ಸಲ ಪೇಪರ್ ಮೇಲೆ ಸಾರು ಚೆಲ್ಲಿದ್ರೆ ಆ ಪೇಪರೂ ಹೋಯ್ತು.

ಇನ್ನೊಂದು ವಿಷಯ, ತಗೊಳ್ಳೋ ಮುಂಚೆ ಡೇಟಾ ಎಲ್ಲಿ ಹೋಗತ್ತೆ ಅಂತ ಕೇಳಿ. ನಾಲ್ಕು ದಿನ ಡಬ್ಬಿ ತೂಕ ಏರದೇ ಇದ್ರೆ ಮನೇಲಿ ಯಾರೂ ಇಲ್ಲ ಅಂತ ಆ ಲೆಕ್ಕ ನೋಡೋ ಯಾರು ಬೇಕಾದ್ರೂ ಊಹಿಸಬಹುದು.