ದಾಸೋಜನಿಗೆ ಸೊನ್ನೆ

ರಾಜ್ಯೋತ್ಸವದ ಹೊತ್ತಿಗೆ ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗೊಂದು ಕ್ವಿಜ್ ಇತ್ತು. ಅಂಕ ಬರೆಯುವ ಕೆಲಸ ನನ್ನದು. ಮೂರನೇ ಸುತ್ತಿನಲ್ಲಿ ಪ್ರಶ್ನೆ ಬಂತು: ಬೇಲೂರಿನ ಚೆನ್ನಕೇಶವ ದೇವಾಲಯ ಕೆತ್ತಿದ ಶಿಲ್ಪಿ ಯಾರು?

ಕಿಟಕಿ ಪಕ್ಕದ ತಂಡದಿಂದ ಒಬ್ಬ ಹುಡುಗಿ ಎದ್ದು "ದಾಸೋಜ" ಅಂದಳು. ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಚೀಟಿ ನೋಡಿದರು. "ತಪ್ಪು. ಮುಂದಿನ ತಂಡ." ಮುಂದಿನ ತಂಡದ ಹುಡುಗ ಕೂತಲ್ಲಿಂದಲೇ ಕೂಗಿದ, "ಜಕಣಾಚಾರಿ!" ಜೋರು ಚಪ್ಪಾಳೆ. ನಾನು ಬೋರ್ಡಿನ ಮೇಲೆ 10 ಅಂಕ ಬರೆದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಹೊಳೆಯಿತು. ದಾಸೋಜನ ವಿಷಯ ನನಗೆ ಗೊತ್ತು! ಬೇಲೂರಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಮದನಿಕೆಯರ ಕೆಳಗಿನ ಅಕ್ಷರ ತೋರಿಸಿ ಭಾಷಣ ಬಿಗಿಯುವವನು ನಾನೇ. ಆದರೂ ಸೀಮೆಸುಣ್ಣ ಹಿಡಿದ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಗೊತ್ತಿಲ್ಲದವನು ತಪ್ಪು ಮಾಡಿದರೆ ಅದರಲ್ಲೇನಿದೆ? ಗೊತ್ತಿದ್ದವನ ಕೈ ಹೇಗೆ ಹಾಗೆ ಓಡಿತು ಅನ್ನುವುದೇ ಅಂದಿನಿಂದ ನನ್ನ ತಲೆ ತಿಂದ ಪ್ರಶ್ನೆ.

ಮೊದಲು ದಾಸೋಜನ ಬಾಕಿ ತೀರಿಸಿಬಿಡುತ್ತೇನೆ. ಬೇಲೂರಿನ ದೇವಾಲಯ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಹೊಯ್ಸಳ ಶಿಲ್ಪಿಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಕೆತ್ತಿದ ಮೇಲೆ ಹೆಸರು ಹಾಕುತ್ತಿದ್ದರು. ಎಷ್ಟೋ ಕಡೆ ದೊಡ್ಡ ಗುಡಿಗಳ ಶಿಲ್ಪಿಗಳ ಹೆಸರೇ ಉಳಿದಿಲ್ಲ, ನಮ್ಮಲ್ಲಿ ಉಳಿದಿದೆ. ಬೇಲೂರಿನಲ್ಲಿ ಸಹಿ ಹಾಕಿದವರಲ್ಲಿ ಮುಖ್ಯವಾದವನು ಬಳ್ಳಿಗಾವೆಯ ದಾಸೋಜ. ಬಳ್ಳಿಗಾವೆ ಇರುವುದು ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿ. ಅವನ ಮಗ ಚಾವಣನ ಸಹಿಯೂ ಇದೆ. ನುಗ್ಗೇಹಳ್ಳಿಗೆ ಹೋದರೆ ಬೈಚೋಜ ಮತ್ತು ಮಲ್ಲಿತಮ್ಮ ಸಿಗುತ್ತಾರೆ. ಸೋಮನಾಥಪುರದಲ್ಲೂ ಮಲ್ಲಿತಮ್ಮನ ಹೆಸರು ಕಾಣುತ್ತದೆ. ಜಕಣಾಚಾರಿಯ ಸಹಿ ಮಾತ್ರ ಬೇಲೂರಿನಲ್ಲಿ ಸಿಕ್ಕಿಲ್ಲ.

ಜನರ ಬಾಯಲ್ಲಿ ಬೇಲೂರೂ ಜಕಣಾಚಾರಿಯದೇ, ಸೋಮನಾಥಪುರವೂ ಅವನದೇ. ಒಂದು 1117, ಇನ್ನೊಂದು 1258. ನಡುವೆ 141 ವರ್ಷ. ಇಷ್ಟು ವರ್ಷ ಉಳಿ ಹಿಡಿದ ಮನುಷ್ಯ ಇದ್ದಿದ್ದರೆ ಅವನ ಮೇಲೆ ವೈದ್ಯಶಾಸ್ತ್ರದವರು ಲೇಖನ ಬರೆಯಬೇಕಿತ್ತು, ಇತಿಹಾಸದವರಲ್ಲ.

ಕಥೆ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಮನೆ ಬಿಟ್ಟು ಹೋದ ಅಪ್ಪ. ಅವನನ್ನು ಹುಡುಕಿಕೊಂಡು ಬೇಲೂರಿಗೆ ಬಂದ ಮಗ ಡಂಕಣ. ಅಪ್ಪ ಯಾರೆಂದು ಮಗನಿಗೆ ಗೊತ್ತಿಲ್ಲ, ಮಗ ಯಾರೆಂದು ಅಪ್ಪನಿಗೆ ಗೊತ್ತಿಲ್ಲ. "ನೀವು ಕೆತ್ತಿದ ಕಲ್ಲಿನಲ್ಲಿ ದೋಷವಿದೆ" ಅಂತ ಹುಡುಗ ಅಂದ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಜೀವಂತ ಕಪ್ಪೆ! ಮಾತು ಕೊಟ್ಟಿದ್ದ ಅಪ್ಪ ತನ್ನ ಬಲಗೈಯನ್ನೇ ಕಡಿದುಕೊಂಡ. ಕಪ್ಪೆ ಚೆನ್ನಿಗರಾಯನ ಗುಡಿ ಈಗಲೂ ಅದೇ ಅಂಗಳದಲ್ಲಿದೆ, ಗೈಡುಗಳು ದಿನಾ ಈ ಕಥೆ ಹೇಳುತ್ತಾರೆ. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಬಂತು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಪಾಪ ದಾಸೋಜ, ಬಣ್ಣದ ಸಿನಿಮಾದ ಎದುರು ಕಲ್ಲಿನ ಮೇಲಿನ ಸಹಿ ಏನು ಮಾಡೀತು?

ಈಗ ನನ್ನ ಕೈಯ ವಿಷಯ. 1977ರಲ್ಲಿ ಅಮೆರಿಕದಲ್ಲಿ ಲಿನ್ ಹ್ಯಾಷರ್, ಡೇವಿಡ್ ಗೋಲ್ಡ್‌ಸ್ಟೀನ್, ಥಾಮಸ್ ಟೊಪ್ಪಿನೊ ಎಂಬ ಮೂವರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಅವರು ಬಳಸಿದ್ದು ನಮ್ಮ ಕ್ವಿಜ್ ಥರದ್ದೇ ಸಾಮಾನ್ಯ ಜ್ಞಾನದ ಹೇಳಿಕೆಗಳನ್ನು. ಕೆಲವು ನಿಜ, ಕೆಲವು ಸುಳ್ಳು. ಎರಡೆರಡು ವಾರ ಬಿಟ್ಟು ಮೂರು ಸಲ, ಪ್ರತಿ ಸಲ 60 ಹೇಳಿಕೆ. ಒಂದೊಂದಕ್ಕೂ ಇದು ಎಷ್ಟು ನಿಜ ಅನ್ನಿಸುತ್ತದೆ ಅಂತ 1ರಿಂದ 7ರ ಒಳಗೆ ಅಂಕ ಕೊಡಬೇಕು. ಹುಡುಗರಿಗೆ ಹೇಳದ ಗುಟ್ಟೇನೆಂದರೆ, 20 ಹೇಳಿಕೆಗಳು ಮೂರೂ ಸಲ ಬರುತ್ತಿದ್ದವು. ಆ ಇಪ್ಪತ್ತರ ಅಂಕ ಏರಿತು. ಒಂದೇ ಸಲ ಬಂದವುಗಳ ಅಂಕ ಇದ್ದಲ್ಲೇ ಇತ್ತು. ಮರಳಿ ಬಂದದ್ದು ನಿಜವೋ ಸುಳ್ಳೋ ಅನ್ನುವುದರಿಂದ ಫರಕು ಬೀಳಲಿಲ್ಲ. ಯಾರೂ ಪುರಾವೆ ಕೊಟ್ಟಿರಲಿಲ್ಲ, ವಾದ ಮಾಡಿರಲಿಲ್ಲ. ಸುಮ್ನೆ ಇನ್ನೊಂದು ಸಲ ಕಿವಿಗೆ ಬಿತ್ತು, ಅಷ್ಟೇ.

ಗೊತ್ತಿಲ್ಲದ ವಿಷಯದಲ್ಲಿ ಹಾಗಾಗಬಹುದು, ಗೊತ್ತಿದ್ದರೆ ಆಗುವುದಿಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದರು. 2015ರಲ್ಲಿ ಲೀಸಾ ಫಾಜಿಯೋ ಮತ್ತು ಸಂಗಡಿಗರು ಅದನ್ನೂ ಪರೀಕ್ಷಿಸಿದರು. ಅವರು ಕೊಟ್ಟ ಹೇಳಿಕೆಗಳಲ್ಲಿ ಒಂದು ಕೇಳಿ: ಸ್ಕಾಟ್ಲೆಂಡಿನವರು ಉಡುವ ನೆರಿಗೆಯ ಗಿಡ್ಡ ಲಂಗದ ಹೆಸರು ಸೀರೆ. ನೀವು ನಕ್ಕಿರಿ, ಅಲ್ವಾ? ಅದರ ಹೆಸರು ಕಿಲ್ಟ್. ಅಲ್ಲಿನ ವಿದ್ಯಾರ್ಥಿಗಳಲ್ಲೂ ಇಂಥ ಉತ್ತರ ಸರಿಯಾಗಿ ಗೊತ್ತಿದ್ದವರು ಬೇಕಾದಷ್ಟು ಜನ ಇದ್ದರು. ಆದರೂ ಸುಳ್ಳು ಹೇಳಿಕೆ ಎರಡನೇ ಸಲ ಕಣ್ಣಿಗೆ ಬಿದ್ದಾಗ, ಗೊತ್ತಿದ್ದವರಿಗೂ ಅದು ಮೊದಲಿಗಿಂತ ಸ್ವಲ್ಪ ಹೆಚ್ಚು ನಿಜ ಅನ್ನಿಸಿತು. ಇದನ್ನು ಓದಿದ ದಿನ ನನಗೆ ಬಂದ ಸಮಾಧಾನ ಅಷ್ಟಿಷ್ಟಲ್ಲ. ಅಂಕದ ಬೋರ್ಡಿನ ಮುಂದೆ ನಾನು ಒಂಟಿಯಲ್ಲ.

ಹೀಗೇಕೆ ಆಗುತ್ತದೆ? ನನಗೆ ತುಂಬ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚಿಕ್ಕಮಗಳೂರು ಕಡೆಯ ಕಾಫಿ ತೋಟ ನೆನಪು ಮಾಡಿಕೊಳ್ಳಿ. ಮೊದಲ ದಿನ ನೀವು ಗಿಡದ ನಡುವೆ ನುಗ್ಗಿ ಹೋಗುತ್ತೀರಿ. ಕೊಂಬೆ ತಾಗುತ್ತದೆ, ಜಿಗಣೆ ಹತ್ತುತ್ತದೆ, ಕಾಲು ಜಾರುತ್ತದೆ. ಹತ್ತನೇ ದಿನ ಅಲ್ಲೊಂದು ಕಾಲುದಾರಿ. ನೂರನೇ ದಿನ ಕತ್ತಲಲ್ಲೂ ನಡೆಯುತ್ತೀರಿ. ದಾರಿ ಸಲೀಸಾಯಿತು. ಆದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ಸಲೀಸಿಗೂ ಸಂಬಂಧವಿಲ್ಲ. ಕೆರೆಗೆ ಹೋಗಿ ಬೀಳುವ ದಾರಿಯೂ ಸವೆದು ಸವೆದು ನುಣ್ಣಗಾಗಬಹುದು. ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಮಿದುಳು ತಡವರಿಸುತ್ತದೆ. ಎರಡನೇ ಸಲ ಅದೇ ಮಾತು ಬೇಗ ಅರ್ಥವಾಗುತ್ತದೆ. ಆ ಬೇಗ ಅನ್ನುವುದು ನಮ್ಮ ಅರಿವಿಗೆ ಬರುವುದು "ಸಲೀಸಾಯಿತು" ಅಂತಲ್ಲ, "ಹೌದಲ್ವಾ" ಅಂತ. ಎಡವಟ್ಟು ಆಗುವುದೇ ಅಲ್ಲಿ.

ಇನ್ನೊಂದು ಥರ ನೋಡಿ. ದಿನಾ ಬೆಳಗಿನ ಬಸ್ಸಿನಲ್ಲಿ ಬರುವ ಒಬ್ಬ ವ್ಯಕ್ತಿ. ಮಾತಾಡಿಲ್ಲ, ಹೆಸರು ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಅವರ ಕೈಗೆ ಬ್ಯಾಗ್ ಕೊಟ್ಟು "ಸ್ವಲ್ಪ ನೋಡ್ಕೊಳ್ಳಿ" ಅಂತ ಕೆಳಗಿಳಿದು ನೀರಿನ ಬಾಟಲಿ ತರುತ್ತೀರಿ. ಅವರ ಬಗ್ಗೆ ನಿಮಗೆ ಹೊಸದಾಗಿ ಏನು ತಿಳಿಯಿತು? ಏನೂ ಇಲ್ಲ. ಮುಖ ಪರಿಚಯವಾಯಿತು. ಮಗ್ಗಿಯೂ ಅಷ್ಟೇ. ಹನ್ನೆರಡೆಂಟ್ಲ ತೊಂಬತ್ತಾರು ಅನ್ನುವಾಗ ಯಾರೂ ಲೆಕ್ಕ ಮಾಡುವುದಿಲ್ಲ, ನಾಲಿಗೆ ಹೇಳುತ್ತದೆ, ನಾವು ನಂಬುತ್ತೇವೆ. ಪುಣ್ಯಕ್ಕೆ ಮಗ್ಗಿಯನ್ನು ಹೇಳಿಕೊಟ್ಟವರು ಸರಿಯಾಗಿ ಹೇಳಿಕೊಟ್ಟಿದ್ದರು. ಜಕಣಾಚಾರಿ ಅನ್ನುವುದೂ ನನ್ನ ಕೈಗೆ ಮಗ್ಗಿಯಾಗಿತ್ತು.

ಮಿದುಳನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. ಸಾಮಾನ್ಯವಾಗಿ ಹೆಚ್ಚು ಸಲ ಕೇಳಿಬರುವುದು ನಿಜವೇ ಆಗಿರುತ್ತದೆ. ಸಕಲೇಶಪುರದಲ್ಲಿ ಮಳೆ ಜಾಸ್ತಿ, ಅರಸೀಕೆರೆಯಲ್ಲಿ ಕಡಿಮೆ ಅಂತ ನೂರು ಜನ ಹೇಳಿದರೆ ಮಳೆ ಅಳೆಯುವ ಡಬ್ಬ ಹಿಡಿದು ಹೊರಡಬೇಕಾಗಿಲ್ಲ. ದಿನಕ್ಕೆ ಸಾವಿರ ಮಾತು ಕೇಳುವ ಪ್ರಾಣಿಗೆ ಇದು ಒಳ್ಳೆಯ ಒಳದಾರಿ. ತೊಂದರೆ ಏನೆಂದರೆ ನೂರು ಜನ ಹೇಳಿದ್ದಕ್ಕೂ, ಒಬ್ಬನೇ ನೂರು ಸಲ ಫಾರ್ವರ್ಡ್ ಮಾಡಿದ್ದಕ್ಕೂ ಆ ಒಳದಾರಿಗೆ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ.

ಸಲೀಸು ಬರುವುದು ಪುನರಾವರ್ತನೆಯಿಂದ ಮಾತ್ರ ಅಲ್ಲ. 1999ರಲ್ಲಿ ರೋಲ್ಫ್ ರೇಬರ್, ನಾರ್ಬರ್ಟ್ ಶ್ವಾರ್ಜ್ ಇಬ್ಬರೂ ಒಂದೇ ಥರದ ಹೇಳಿಕೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿದರು. ಬಿಳಿ ಹಿನ್ನೆಲೆಯ ಮೇಲೆ ಎದ್ದು ಕಾಣುವ ಬಣ್ಣದಲ್ಲಿದ್ದವು ಮಂಕು ಬಣ್ಣದವಕ್ಕಿಂತ ಹೆಚ್ಚು ನಿಜ ಅನ್ನಿಸಿದವು. ಪ್ರಾಸದ್ದೂ ಇದೇ ಕಥೆ. ಪ್ರಾಸವಿರುವ ನಾಣ್ಣುಡಿಯನ್ನೂ ಅದೇ ಅರ್ಥದ ಪ್ರಾಸವಿಲ್ಲದ ಮಾತನ್ನೂ ಕೊಟ್ಟರೆ ಜನ ಪ್ರಾಸದ್ದನ್ನೇ ಹೆಚ್ಚು ಸರಿ ಅಂದರು ಅಂತ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತೇವಲ್ಲ, ಅದನ್ನು ಹೇಳುತ್ತಿರುವುದೂ ಒಂದು ಗಾದೆ ಅನ್ನುವುದನ್ನು ಮರೆಯುತ್ತೇವೆ!

ಚಿಕ್ಕಮಗಳೂರಿನವರಿಗೆ ಇದಕ್ಕೊಂದು ಉದಾಹರಣೆ ಮನೆಯಲ್ಲೇ ಇದೆ. 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ಬಂದು ನಿಂತಾಗ ಮೊಳಗಿದ "ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಚಿಕ್‌ಮಗಳೂರ್" ಅನ್ನುವ ಘೋಷಣೆ ಆಮೇಲೆ ಹುಟ್ಟಿದವರಿಗೂ ಬಾಯಿಪಾಠ. ಅವರ ಎದುರು ನಿಂತಿದ್ದು ಯಾರು ಅಂತ ಕ್ವಿಜ್‌ನಲ್ಲಿ ಕೇಳಿ ನೋಡಿ, ಅರ್ಧ ಸಭೆ ತಲೆ ಕೆರೆದುಕೊಳ್ಳುತ್ತದೆ. ವೀರೇಂದ್ರ ಪಾಟೀಲ್. ಮಾಜಿ ಮುಖ್ಯಮಂತ್ರಿ ಅವರು, ಆದರೆ ಹೆಸರಿಗೆ ಪ್ರಾಸ ಕೂಡಿ ಬರಲಿಲ್ಲ. ಬಾಬಾ ಬುಡನ್ ತಂದ ಕಾಫಿ ಬೀಜ ಏಳೇ ಯಾಕೆ ಅಂತಲೂ ನನಗೆ ಆಗಾಗ ಅನ್ನಿಸುವುದುಂಟು. ಆರು ಅಂದರೆ ಕಥೆ ಕೂರುವುದಿಲ್ಲ.

ಕಂಬದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕೇಳಿ ಕೇಳಿ ಸಾಕಾಗಿದೆ. ಬೇಲೂರಿನ ಅಂಗಳದಲ್ಲಿ ಸುಮಾರು 42 ಅಡಿಯ ಕಲ್ಲಿನ ದೀಪಸ್ತಂಭ ಇದೆ. ಅದು "ಗಾಳಿಯಲ್ಲಿ ನಿಂತಿದೆ" ಅನ್ನುತ್ತಾರೆ. ಒಂದು ಕಡೆ ಅಡಿಯಲ್ಲಿ ಕಾಗದ ತೂರಿಸಬಹುದು, ನಿಜ. ಉಳಿದ ಕಡೆ ಜಗುಲಿಗೆ ತಾಗಿಕೊಂಡೇ ಇದೆ. ಮೂರು ಕಾಲಿನ ಸ್ಟೂಲು ಬೀಳುತ್ತದೆಯೇ? ಭಾರದ ಕೇಂದ್ರ ತಾಗಿದ ಜಾಗಗಳ ನಡುವೆ ಇರುವ ತನಕ ಯಾವ ಕಂಬವೂ ಬೀಳುವುದಿಲ್ಲ. ಇಷ್ಟು ಉದ್ದದ ಕಲ್ಲನ್ನು ಅಷ್ಟು ನೆಟ್ಟಗೆ ಕಡಿದು ನಿಲ್ಲಿಸಿದರಲ್ಲ, ಬೆರಗು ಪಡಬೇಕಾದದ್ದು ಅದಕ್ಕೆ. ಪವಾಡ ಅಂದರೆ ಆ ಕಲ್ಲುಕುಟಿಗರ ಕೂಲಿಯನ್ನು ಕಸಿದುಕೊಂಡ ಹಾಗೆ.

ಇಷ್ಟು ಹೇಳುವ ನಾನೇ ಹಿಂದೊಮ್ಮೆ ಒಂದು ಕ್ವಿಜ್‌ಗೆ ಪ್ರಶ್ನೆ ಬರೆದುಕೊಟ್ಟಿದ್ದೆ: ಚಂದ್ರನಿಂದ ಬರಿಗಣ್ಣಿಗೆ ಕಾಣುವ ಮಾನವ ನಿರ್ಮಿತಿ ಯಾವುದು? ಉತ್ತರ, ಚೀನಾದ ಮಹಾಗೋಡೆ. ಅದೂ ಬರೆದದ್ದು ಎಲ್ಲಿ ಕೂತು? ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಇರುವ ಹಾಸನದಲ್ಲಿ! ಇಲ್ಲಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿರುತ್ತವೆ. ಚಂದ್ರ ಅದಕ್ಕಿಂತ ಹತ್ತು ಪಟ್ಟು ದೂರ, 3,84,000 ಕಿಲೋಮೀಟರ್. ಗೋಡೆಯ ಅಗಲ ಆರೇಳು ಮೀಟರ್ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ, ಒಂದು ತಲೆಕೂದಲನ್ನು ಸುಮಾರು ಐದು ಕಿಲೋಮೀಟರ್ ದೂರದಿಂದ ನೋಡಿದ ಹಾಗೆ. ಗೋಡೆ ಎಷ್ಟು ಉದ್ದವಿದ್ದರೇನು, ಕೂದಲು ಕೂದಲೇ. ಚಂದ್ರನಿಂದ ಈ ಗೋಡೆ ಕಂಡೀತು ಅನ್ನುವ ಮಾತನ್ನು ವಿಲಿಯಂ ಸ್ಟುಕ್ಲಿ ಎಂಬ ಇಂಗ್ಲಿಷಿನವನು 1754ರಲ್ಲೇ ಪತ್ರದಲ್ಲಿ ಬರೆದಿದ್ದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು ಅದಾಗಿ 215 ವರ್ಷಕ್ಕೆ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಚಂದ್ರನಿಗಿಂತ ಎಷ್ಟೋ ಹತ್ತಿರದಿಂದ, ಭೂಮಿ ಸುತ್ತುವಾಗ ನೋಡಿ, ಗೋಡೆ ಕಾಣಲಿಲ್ಲ ಅಂತ ಬಂದು ಹೇಳಿದ. ಆ ಪ್ರಶ್ನೆಗೆ ಸರಿ ಉತ್ತರ ಹೇಳಿ ಸೋತ ಮಗು ಯಾವುದಾದರೂ ಇದ್ದರೆ ಕ್ಷಮೆ ಇರಲಿ.

ಹಾಗಾದರೆ ತಪ್ಪನ್ನು ತಪ್ಪು ಅಂತ ಸಾರಿ ಸಾರಿ ಹೇಳಿದರೆ ಮುಗಿಯಿತೇ? ಅಲ್ಲೂ ಒಂದು ತೊಡಕು. 2005ರಲ್ಲಿ ಇಯಾನ್ ಸ್ಕರ್ನಿಕ್ ಮತ್ತು ಸಂಗಡಿಗರು ವಯಸ್ಸಾದವರಿಗೆ ಕೆಲವು ಹೇಳಿಕೆ ಕೊಟ್ಟು, ಇದು ಸುಳ್ಳು ಅಂತ ಸ್ಪಷ್ಟವಾಗಿ ಹೇಳಿದರು. ಕೆಲವನ್ನು ಒಂದು ಸಲ, ಕೆಲವನ್ನು ಮೂರು ಸಲ. ಮೂರು ದಿನ ಬಿಟ್ಟು ಕೇಳಿದರೆ, ಮೂರು ಸಲ ಸುಳ್ಳು ಅಂತ ಕೇಳಿದ್ದನ್ನೇ ಅವರು ಹೆಚ್ಚಾಗಿ ನಿಜ ಅಂದುಕೊಂಡಿದ್ದರು! ಹೇಳಿಕೆ ಪರಿಚಿತವಾಗಿ ಉಳಿಯಿತು, ಅದರ ಜೊತೆಗಿದ್ದ "ಸುಳ್ಳು" ಅನ್ನುವ ಚೀಟಿ ಉದುರಿಹೋಯಿತು.

ಇದನ್ನು ಬರೆದ ಮೇಲೆ ಈ ಲೇಖನವನ್ನೇ ಎಣಿಸಿ ನೋಡಿದೆ. ದಾಸೋಜನ ಪರವಾಗಿ ವಕಾಲತ್ತು ಹಿಡಿದ ನಾನು ಇನ್ನೊಬ್ಬನ ಹೆಸರನ್ನೂ ಹೆಚ್ಚುಕಡಿಮೆ ಅಷ್ಟೇ ಸಲ ಬರೆದಿದ್ದೇನೆ. ಮೂರು ದಿನ ಬಿಟ್ಟು ನಿಮ್ಮಲ್ಲಿ ಯಾರಿಗೆ ಯಾವ ಹೆಸರು ನೆನಪಿರುತ್ತದೋ. ಇನ್ನು ನನಗೆ ಉಳಿದಿರುವುದು ಒಂದೇ ದಾರಿ, ಅದೇ ಕಾಲುದಾರಿ ಸವೆಸುವುದು. ಬೇಲೂರಿನಲ್ಲಿ ಸಹಿ ಹಾಕಿದವನು ದಾಸೋಜ. ಬಳ್ಳಿಗಾವೆಯ ದಾಸೋಜ. ಚಾವಣನ ಅಪ್ಪ ದಾಸೋಜ. ಇನ್ನೊಂದು ಸಲ, ನೀವೇ ಬಾಯಿಬಿಟ್ಟು ಹೇಳಿ.